ಮಿತಿಯು ಬಂಧನವೋ, ರಕ್ಷೆಯೋ?

ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ಬಸದಿಯಲ್ಲಿ ಪ್ರವಚನ ಕೇಳಿ ಹೊರಗೆ ಬರುತ್ತಿದ್ದಾಗ ನನ್ನ ಬಹುಕಾಲದ ಮಿತ್ರರೊಬ್ಬರು ನನ್ನನ್ನು ಜಗಲಿಯ ಒಂದು ಬದಿಗೆ ಕರೆದು ಕೂರಿಸಿಕೊಂಡರು. ಅವರ ಮಗ ಅಮೆರಿಕೆಯ ಫ್ಲಾರಿಡಾ ರಾಜ್ಯದಲ್ಲಿ ಎಂಜಿನಿಯರನಾಗಿದ್ದಾನೆ. ಬಾಲ್ಯದಿಂದಲೂ ಒಳ್ಳೆಯ ಈಜುಗಾರ. ಅಲ್ಲಿಗೆ ಹೋದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವ ವಿದ್ಯೆಯನ್ನು ಕಲಿತ. ಈಗ ನೆಲದಡಿಯ ಜಲಗುಹೆಗಳೊಳಗೆ ಮುಳುಗಿ ಹೋಗುವ ವಿದ್ಯೆಗೆ ಮನಸ್ಸು ಕೊಟ್ಟಿದ್ದಾನೆ. ಮೊದಲ ಎರಡು ಹಂತಗಳ ಶಿಕ್ಷಣ ಮುಗಿದಿದೆ. ಮೂರನೆಯ ಹಂತಕ್ಕೆ ಸೇರಿಸಿಕೊಳ್ಳಲು ಅವನ ಗುರು ಒಪ್ಪಲಿಲ್ಲ. ‘ಈಗಿರುವ ಮಿತಿಯೊಳಗೆ ಇನ್ನೂ ಹಲವು ಸಲ ಮುಳುಗಿ ಬಾ, ಆಮೇಲೆ ನೋಡೋಣ’ ಎಂದರಂತೆ. ಮಗನಿಗೆ ಇದು ಅವಮಾನವೆನಿಸಿತು. ಅವನು ತಂದೆಗೆ ದೂರವಾಣಿಯಲ್ಲಿ ಹೇಳಿದ ಮಾತನ್ನು ಮಿತ್ರರು ನನಗೆ ಹಾಗೆಯೇ ಒಪ್ಪಿಸಿದರು: “ಅಪ್ಪ, ಜೀವ ನನ್ನದು, ಹಣ ನನ್ನದು, ಬಿಡುವಿನ ದಿನವೂ ನನ್ನದು. ನಾನು ಯಾರಿಗೂ ಕೇಡು ಮಾಡುತ್ತಿಲ್ಲ. ಹೀಗಿರುವಾಗ ಇಷ್ಟು ದೂರ ಹೋಗು, ಅದರಾಚೆ ಹೋಗಬೇಡ ಎನ್ನಲು ಇನ್ನೊಬ್ಬರಿಗೆ ಏನು ಅಧಿಕಾರ?”

“ನಾನು ಏನೂ ಹೇಳಲಾಗಲಿಲ್ಲ. ಹೋಗಬೇಡ ಎಂದು ತಂದೆಯಾಗಿ ಗದರಿಸಬಹುದಿತ್ತು. ಆದರೆ ಅದು ಅವನ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ” ಎಂದರು ಮಿತ್ರರು.

ನನಗೂ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಸಂಯಮದ ಕುರಿತು ಗಂಟೆಗಟ್ಟಲೆ ಕೇಳಿ ಎದ್ದು ಬಂದವರಿಗೆ ಸಂಯಮದ ಬಗ್ಗೆ ಒಬ್ಬ ತರುಣನು ಕೇಳಿದ ನೇರ ಪ್ರಶ್ನೆಗೆ ಉತ್ತರ ಹೊಳೆಯದಿದ್ದುದು ನನಗೆ ನಾಚಿಕೆಯನ್ನುಂಟುಮಾಡಿತು. ಆ ವಿದ್ಯೆಯ ವಿಷಯವಾಗಿ ಓದಿ, ತಿಳಿದವರನ್ನು ಕೇಳಿ, ಯೋಚಿಸಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ನಮ್ಮಲ್ಲಿ ಜಲಗುಹೆಗೆ ಇಳಿಯುವವರು ವಿರಳ. ಆದರೆ ‘ನನ್ನ ಮಿತಿಯನ್ನು ಇನ್ನೊಬ್ಬರೇಕೆ ಗೊತ್ತುಮಾಡಬೇಕು’ ಎಂಬ ಪ್ರಶ್ನೆ ಏಳದ ಮನೆ ಯಾವುದೂ ಇರಲಾರದು.

ಮೇಲೆ ಆಕಾಶವಿಲ್ಲದ ನೀರು

ಉತ್ತರ ಫ್ಲಾರಿಡಾದ ನೆಲದಡಿ ಸುಣ್ಣದ ಕಲ್ಲಿನ ಪದರವಿದೆ. ಮಳೆಯ ನೀರು ಸಾವಿರಾರು ವರ್ಷಗಳ ಕಾಲ ಅದನ್ನು ಕರಗಿಸುತ್ತ ಮೈಲಿಗಟ್ಟಲೆ ಉದ್ದದ ಸುರಂಗಗಳನ್ನು ಕೊರೆದಿದೆ. ಆ ಸುರಂಗಗಳ ನೀರು ಅಲ್ಲಲ್ಲಿ ಬುಗ್ಗೆಯಾಗಿ ಮೇಲೆ ಬರುತ್ತದೆ. ಮೆಕ್ಸಿಕೋ ದೇಶದ ಯುಕಟಾನ್ ಪ್ರದೇಶದಲ್ಲಿಯೂ ಇಂತಹವೇ ಗುಹೆಗಳುಂಟು. ಈ ನೀರು ವರ್ಷವಿಡೀ ಒಂದೇ ಹದದ ಉಷ್ಣತೆಯಲ್ಲಿದ್ದು ಗಾಜಿನಂತೆ ನಿರ್ಮಲವಾಗಿರುವುದು. ಆ ನಿರ್ಮಲತೆಯೇ ಮೋಸಕ್ಕೂ ಮೂಲ. ಬಾಯಿಯಲ್ಲಿ ನಿಂತು ನೋಡುವವನಿಗೆ ಒಳಗೆ ಭಯಪಡುವಂಥದ್ದೇನೂ ಕಾಣಿಸದು.

ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ತರುಣರು ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಅನೇಕರು ಬಲ್ಲರು. ತೆರೆದ ಸಮುದ್ರದಲ್ಲಿ ಅಪಾಯವಿಲ್ಲವೆಂದಲ್ಲ. ಆದರೆ ಅಲ್ಲಿ ತಲೆಯ ಮೇಲೆ ನೀರಿನ ಹೊರತು ಬೇರೆ ತಡೆಯಿಲ್ಲ. ಗಾಳಿ ಮುಗಿದರೆ ನಿಧಾನವಾಗಿ ಮೇಲೇರಿ ಬರುವ ದಾರಿ ತೆರೆದೇ ಇರುತ್ತದೆ. ಗುಹೆಯಲ್ಲಿ ತಲೆಯ ಮೇಲೆ ಇರುವುದು ಕಲ್ಲು. ಮೇಲಕ್ಕೆ ಹೋಗಬೇಕಾದರೆ ಮೊದಲು ಹಿಂದಕ್ಕೆ ಹೋಗಬೇಕು. ಎಷ್ಟು ದೂರ ಒಳಕ್ಕೆ ಹೋಗಿದ್ದಾನೋ ಅಷ್ಟೂ ದೂರವನ್ನು ಸಿಲಿಂಡರಿನಲ್ಲಿ ಉಳಿದ ಗಾಳಿಯಿಂದಲೇ ಕ್ರಮಿಸಬೇಕು.

ಇನ್ನೊಂದು ಅಪಾಯವು ನೆಲದಲ್ಲಿದೆ. ಗುಹೆಯ ತಳದಲ್ಲಿ ಹಿಟ್ಟಿನಷ್ಟು ನುಣುಪಾದ ಹೂಳು ಕುಳಿತಿರುತ್ತದೆ. ಅಭ್ಯಾಸವಿಲ್ಲದವನು ಕಾಲಿನ ರೆಕ್ಕೆಯನ್ನು ಒಂದೆರಡು ಬಾರಿ ಕೆಳಮುಖವಾಗಿ ಬಡಿದರೆ ಸಾಕು, ಆ ಹೂಳೆದ್ದು ಕ್ಷಣಮಾತ್ರದಲ್ಲಿ ನೀರೆಲ್ಲ ಕದಡಿಹೋಗುತ್ತದೆ. ಆಗ ಕೈಯಲ್ಲಿ ಎಷ್ಟು ಪ್ರಖರವಾದ ದೀಪವಿದ್ದರೂ ತನ್ನ ಕೈಯೇ ತನಗೆ ಕಾಣದು. ಬಂದ ದಾರಿ ಯಾವುದು, ಒಳದಾರಿ ಯಾವುದು ಎಂಬುದು ತಿಳಿಯದು. ಆ ಹೊತ್ತಿಗೆ ಉಳಿಯುವುದು ಬಾಗಿಲಿನಿಂದ ತಾನು ಕಟ್ಟಿಕೊಂಡು ಬಂದ ಸಣ್ಣ ಹುರಿಯೊಂದೇ. ಅದನ್ನು ಬೆರಳಿನ ಉಂಗುರದೊಳಗೆ ಹಿಡಿದು, ಕುರುಡನು ಗೋಡೆ ಹಿಡಿದು ನಡೆಯುವಂತೆ, ಹೊರಗೆ ಬರಬೇಕು.

ನಿಯಮಗಳು ಹುಟ್ಟಿದ ಬಗೆ

1960 ಮತ್ತು 70ರ ದಶಕಗಳಲ್ಲಿ ಫ್ಲಾರಿಡಾದ ಈ ಗುಹೆಗಳಲ್ಲಿ ಬಹಳ ಮಂದಿ ತೀರಿಕೊಂಡರು. 1968ರಲ್ಲಿ ಅಲ್ಲಿನವರು ಈ ವಿದ್ಯೆಗಾಗಿ ರಾಷ್ಟ್ರೀಯ ಸಂಘವೊಂದನ್ನು ಸ್ಥಾಪಿಸಿ ಶಿಕ್ಷಣವನ್ನು ಕ್ರಮಗೊಳಿಸತೊಡಗಿದರು. ಆ ಕಾಲದಲ್ಲಿ ಮುಂದೆ ಬಂದವರಲ್ಲಿ ಶೆಕ್ ಎಕ್ಸ್‌ಲಿ ಎಂಬುವರು ಮುಖ್ಯರು. ವೃತ್ತಿಯಿಂದ ಗಣಿತದ ಅಧ್ಯಾಪಕರು. ಮೃತರ ಒಂದೊಂದು ಪ್ರಕರಣವನ್ನೂ ಅವರು ಪರಿಶೀಲಿಸಿ, ಸಾವಿಗೆ ಕಾರಣವಾದ ತಪ್ಪು ಯಾವುದು ಎಂಬುದನ್ನು ಗಣಿತದ ಲೆಕ್ಕದಂತೆ ಬಿಡಿಸಿ ನೋಡಿದರು. 1979ರಲ್ಲಿ ಅದನ್ನೊಂದು ಸಣ್ಣ ಪುಸ್ತಕವಾಗಿ ಪ್ರಕಟಿಸಿದರು. ಅವರಿಗೆ ಕಂಡದ್ದು ಬಹಳ ಸರಳವಾಗಿತ್ತು: ಹೆಚ್ಚಿನವರು ಹೊಸದೊಂದು ವಿಪತ್ತಿನಿಂದ ಸತ್ತಿರಲಿಲ್ಲ; ಅವವೇ ಕೆಲವು ತಪ್ಪುಗಳಿಂದ ಸತ್ತಿದ್ದರು. ಬಾಗಿಲಿನ ತನಕ ತುಂಡಾಗದ ಹುರಿ ಇರಲಿಲ್ಲ; ಹಿಂತಿರುಗಲು ಸಾಕಷ್ಟು ಗಾಳಿಯನ್ನು ಉಳಿಸಿಕೊಂಡಿರಲಿಲ್ಲ; ಅತಿಯಾದ ಆಳಕ್ಕೆ ಇಳಿದಿದ್ದರು. ಮುಂದೆ ಇದಕ್ಕೆ ಇನ್ನೆರಡು ಸೇರಿದವು: ಗುಹೆಗೆಂದೇ ಇರುವ ಶಿಕ್ಷಣ ಪಡೆದಿರಲಿಲ್ಲ, ಸಾಕಷ್ಟು ದೀಪಗಳಿರಲಿಲ್ಲ.

ಇಂದು ಲೋಕದ ಎಲ್ಲೆಡೆ ಈ ವಿದ್ಯೆಯನ್ನು ಕಲಿಸುವವರು ಈ ಐದನ್ನೇ ಅಡಿಪಾಯವಾಗಿ ಇಟ್ಟುಕೊಂಡಿದ್ದಾರೆ. ಶಿಕ್ಷಣವಿಲ್ಲದೆ ಒಳಗೆ ಹೋಗಬಾರದು. ಹುರಿಯನ್ನು ಬಿಡಬಾರದು. ಒಯ್ದ ಗಾಳಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಳಗೆ ಹೋಗಲು ವ್ಯಯಿಸಬಾರದು. ತನ್ನ ಶಿಕ್ಷಣಕ್ಕೆ ಒಪ್ಪುವ ಆಳವನ್ನು ಮೀರಬಾರದು. ಒಬ್ಬೊಬ್ಬನೂ ಮೂರು ದೀಪಗಳನ್ನು ಒಯ್ಯಬೇಕು.

ಹೊಸಬರಿಗೆ ಇವಕ್ಕಿಂತಲೂ ಬಿಗಿಯಾದ ಕಟ್ಟುಗಳಿವೆ. ಮೊದಲ ಹಂತದವನು ಹಗಲಿನ ಬೆಳಕು ಕಾಣುವಷ್ಟು ದೂರವೇ ಹೋಗಬಹುದು. ನೀರಿನ ಮೇಲ್ಮೈಯಿಂದ ಎಣಿಸಿ ಆಳ ಮತ್ತು ದೂರ ಎರಡೂ ಸೇರಿ 40 ಮೀಟರ್ ಮೀರಬಾರದೆಂದು ಹಲವು ಸಂಸ್ಥೆಗಳ ನಿಯಮ. ಇಬ್ಬರು ಪಕ್ಕಪಕ್ಕದಲ್ಲಿ ಹೋಗಲಾಗದ ಇಕ್ಕಟ್ಟಿನಲ್ಲಿ ನುಸುಳಬಾರದು. ಎರಡನೆಯ ಹಂತದವನು ಬೆಳಕಿನಾಚೆ ಹೋಗಬಹುದು. ಆದರೆ ಮುಖ್ಯ ಹುರಿಯನ್ನು ಬಿಟ್ಟು ಕವಲುಗಳಿಗೆ ತಿರುಗಬಾರದು. ಜೋಡಿ ಸಿಲಿಂಡರುಗಳಿದ್ದರೆ ಆರನೆಯ ಒಂದು ಭಾಗ ಗಾಳಿ ಮುಗಿದೊಡನೆ ಹಿಂತಿರುಗಬೇಕು. ನನ್ನ ಮಿತ್ರರ ಮಗನನ್ನು ಕೆಣಕಿದ್ದು ಈ ‘ಆರನೆಯ ಒಂದು’ ಭಾಗವೇ. ಅನುಭವಿಗಳಿಗೆ ಮೂರನೆಯ ಒಂದು ಭಾಗ, ನನಗೇಕೆ ಅದರ ಅರ್ಧ ಎಂದು ಅವನ ತಕರಾರು.

ಇದರ ಲೆಕ್ಕವನ್ನು ಬಿಡಿಸಿ ನೋಡಬೇಕು. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 210 ಬಾರ್ ಇದೆಯೆನ್ನೋಣ. ಮೂರನೆಯ ಒಂದು ಭಾಗವೆಂದರೆ 70. ಅಂದರೆ 140ಕ್ಕೆ ಇಳಿದಾಗ ಹಿಂತಿರುಗಬೇಕು. ಇಬ್ಬರು ಜೊತೆಯಾಗಿ ಹೋಗಿದ್ದಾರೆ. ಅತ್ಯಂತ ದೂರದ ಬಿಂದುವಿನಲ್ಲಿಯೇ ಒಬ್ಬನ ಗಾಳಿ ಪೂರ್ತಿಯಾಗಿ ನಿಂತುಹೋಯಿತು. ಈಗ ಇನ್ನೊಬ್ಬನ 140ರಲ್ಲಿ ಇಬ್ಬರೂ ಬದುಕಬೇಕು. ಒಳಗೆ ಬರಲು ತಲಾ 70 ಬೇಕಾಗಿತ್ತು. ಹೊರಗೆ ಹೋಗಲೂ ತಲಾ 70. ಲೆಕ್ಕ ಸರಿಹೋಯಿತು, ಆದರೆ ಉಳಿದದ್ದು ಶೂನ್ಯ. ಹೆದರಿದವನ ಉಸಿರಾಟ ಹೆಚ್ಚುತ್ತದೆ, ಒಂದೇ ಸಿಲಿಂಡರಿನಿಂದ ಉಸಿರಾಡುತ್ತ ಸಾಗುವ ಇಬ್ಬರ ವೇಗವೂ ಕುಗ್ಗುತ್ತದೆ ಎಂಬುದನ್ನು ಆ ಲೆಕ್ಕದಲ್ಲಿ ಹಿಡಿದಿಲ್ಲ. ಆ ಕೊರತೆಯನ್ನು ಅನುಭವಿಯು ತನ್ನ ಅಭ್ಯಾಸದಿಂದ ಒಂದಿಷ್ಟು ತುಂಬಿಕೊಳ್ಳಬಲ್ಲನು. ಹೊಸಬನು ತುಂಬಲಾರನು. ಆದ್ದರಿಂದ ಅವನಿಗೆ 35 ಬಾರ್ ಮುಗಿದೊಡನೆ, 175ರಲ್ಲಿಯೇ, ಹಿಂತಿರುಗಲು ಹೇಳಿದರು. ಅದೇ ಆಪತ್ತು ಬಂದರೆ ಇಬ್ಬರೂ ಹೊರಗೆ ಬರಲು 70 ಸಾಕು. 105 ಬಾರ್, ಎಂದರೆ ತುಂಬಿದ ಗಾಳಿಯ ಅರ್ಧ, ಗಾಬರಿಗೂ ತಡವರಿಕೆಗೂ ಮೀಸಲಾಗಿ ಉಳಿಯುತ್ತದೆ. ಹೊಸಬನ ಮಿತಿಯು ಅವನ ಧೈರ್ಯವನ್ನು ಅಳೆದು ಇಟ್ಟದ್ದಲ್ಲ. ಅವನು ತಪ್ಪು ಮಾಡಿದರೂ ಬದುಕಿ ಬರಲಿ ಎಂದು ಇಟ್ಟದ್ದು.

‘ನಾನು ಬಲ್ಲೆ’ ಎಂಬ ಮಾತು

ತರುಣನ ಆಕ್ಷೇಪದಲ್ಲಿ ಮೂರು ಎಳೆಗಳಿವೆ. ಮೊದಲನೆಯದು: ನಾನು ಸಮರ್ಥ, ಸಾಮಾನ್ಯರಿಗೆ ಮಾಡಿದ ನಿಯಮ ನನಗೇಕೆ?

ಈ ಮಾತನ್ನು ಹೀಗಳೆಯಬಾರದು. ಅವನು ನಿಜವಾಗಿಯೂ ಸಮರ್ಥನಿರಬಹುದು. ಆದರೆ ಯಾವುದರಲ್ಲಿ? ಫ್ಲಾರಿಡಾದ ಗುಹೆಗಳ ಬಾಯಲ್ಲಿ ನೀರಿನೊಳಗೆ ಒಂದು ಫಲಕ ನೆಟ್ಟಿರುತ್ತಾರೆ. ಅದರ ಮೇಲೆ ಮೃತ್ಯುವಿನ ಚಿತ್ರವಿದೆ. ಇಂಥ ಗುಹೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರೆಂದೂ ಅವರಲ್ಲಿ ಮುಳುಗುವ ವಿದ್ಯೆಯನ್ನು ಕಲಿಸುವ ಶಿಕ್ಷಕರೂ ಇದ್ದರೆಂದೂ ಆ ಫಲಕ ಎಚ್ಚರಿಸುತ್ತದೆ. ಶಿಕ್ಷಕರು! ತೆರೆದ ನೀರಿನಲ್ಲಿ ನೂರಾರು ಜನರಿಗೆ ಪಾಠ ಹೇಳಿದವರು. ಅವರಿಗೆ ವಿದ್ಯೆಯ ಕೊರತೆಯಿರಲಿಲ್ಲ. ತಮ್ಮ ವಿದ್ಯೆ ಎಲ್ಲಿ ಮುಗಿಯುತ್ತದೆ ಎಂಬ ಅರಿವಿನ ಕೊರತೆಯಿತ್ತು. ಏನೂ ತಿಳಿಯದವನು ಭಯದಿಂದಲಾದರೂ ಬಾಗಿಲಲ್ಲಿ ನಿಲ್ಲುತ್ತಾನೆ. ಒಂದನ್ನು ಚೆನ್ನಾಗಿ ತಿಳಿದವನೇ ಇನ್ನೊಂದನ್ನೂ ತಿಳಿದೆನೆಂದು ಒಳಗೆ ಹೋಗುತ್ತಾನೆ.

ಇದಕ್ಕೆ ಇನ್ನೊಂದು ಬಗೆಯ ನಿದರ್ಶನವನ್ನು ಲೋಕವೆಲ್ಲ ಕಂಡಿದೆ. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ 12 ಮಂದಿ ಬಾಲಕರೂ ಅವರ ತರಬೇತುದಾರನೂ ಮಳೆಯ ನೀರಿನಿಂದಾಗಿ ಸಿಲುಕಿಕೊಂಡರು. ಅಲ್ಲಿನ ನೌಕಾಪಡೆಯ ಮುಳುಗುಗಾರರು ಜೀವದ ಹಂಗು ತೊರೆದು ದುಡಿದರು. ಜುಲೈ 6ರಂದು ಸಮನ್ ಕುನಾನ್ ಎಂಬ ಮಾಜಿ ನೌಕಾಯೋಧರು ಸಿಲಿಂಡರುಗಳನ್ನು ಒಳಗಿರಿಸಿ ಹಿಂತಿರುಗುವಾಗ ಅಸುನೀಗಿದರು. ಅವರ ಶೌರ್ಯಕ್ಕೂ ದೇಹಬಲಕ್ಕೂ ಯಾರೂ ಕುಂದು ಹೇಳುವಂತಿಲ್ಲ. ಆದರೆ ಕದಡಿದ ನೀರಿನ ಇಕ್ಕಟ್ಟಾದ ಗುಹೆಯು ಆ ಪಡೆಯು ಅಭ್ಯಾಸ ಮಾಡಿದ ನೆಲೆಯಾಗಿರಲಿಲ್ಲ. ಜುಲೈ 2ರಂದು ಬಾಲಕರನ್ನು ಕಂಡುಹಿಡಿದವರು ಬ್ರಿಟನ್ನಿನ ಇಬ್ಬರು ಹವ್ಯಾಸಿಗಳು: ಒಬ್ಬರು ನಿವೃತ್ತ ಅಗ್ನಿಶಾಮಕ, ಇನ್ನೊಬ್ಬರು ಗಣಕಯಂತ್ರದ ಉದ್ಯೋಗಿ. ದಶಕಗಳ ಕಾಲ ಬಿಡುವಿನ ದಿನಗಳಲ್ಲಿ ಗುಹೆಗಳಲ್ಲಿಯೇ ಅಭ್ಯಾಸ ಮಾಡಿದವರು ಅವರು. ಜುಲೈ 10ರ ಹೊತ್ತಿಗೆ ಹದಿಮೂರು ಮಂದಿಯೂ ಹೊರಬಂದರು. ದೊಡ್ಡ ಶಕ್ತಿಯು ಸಣ್ಣ ಅಭ್ಯಾಸದ ಸ್ಥಾನವನ್ನು ತುಂಬಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದುದರಿಂದ ‘ನೀನು ಅಸಮರ್ಥ’ ಎಂಬುದು ಗುರುವಿನ ಮಾತಿನ ಅರ್ಥವಲ್ಲ. ‘ನೀನು ಸಮರ್ಥನೋ ಅಲ್ಲವೋ ಎಂಬುದು ನಿನಗೂ ತಿಳಿಯದು, ನನಗೂ ತಿಳಿಯದು, ತಿಳಿಯುವವರೆಗೆ, ತಿಳಿಯದಿದ್ದರೂ ನಡೆಯುವಷ್ಟು ದೂರದಲ್ಲಿ ಇರು’ ಎಂಬುದು ಅದರ ಅರ್ಥ.

‘ಜೀವ ನನ್ನದು’ ಎಂಬ ಮಾತು

ಎರಡನೆಯ ಎಳೆ ಹೆಚ್ಚು ಗಟ್ಟಿಯಾದುದು. ಜೀವ ನನ್ನದಲ್ಲವೇ? ನಷ್ಟವಾದರೆ ನನಗೆ ತಾನೇ?

ಮೇಲೆ ಹೇಳಿದ ಲೆಕ್ಕವನ್ನು ಇನ್ನೊಮ್ಮೆ ನೋಡೋಣ. ಸಿಲಿಂಡರಿನಲ್ಲಿ ಮೂರು ಭಾಗಗಳಿವೆ: ಒಂದು ಒಳಗೆ ಹೋಗಲು, ಒಂದು ಹೊರಗೆ ಬರಲು, ಮೂರನೆಯದು ಯಾರದು? ಅದು ಜೊತೆಗಾರನದು. ನನ್ನ ಬೆನ್ನ ಮೇಲಿದ್ದರೂ ಅದು ನನ್ನದಲ್ಲ. ‘ಇನ್ನು ಹತ್ತು ಮಾರು ಹೋಗೋಣ’ ಎಂದು ನಾನು ಅದರಲ್ಲಿ ಸ್ವಲ್ಪವನ್ನು ಖರ್ಚು ಮಾಡಿದರೆ, ನಾನು ವ್ಯಯಿಸಿದ್ದು ಇನ್ನೊಬ್ಬನ ಉಸಿರನ್ನು. ಕೊಟ್ಟದ್ದಲ್ಲದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಯಾವ ಹೆಸರಿದೆಯೆಂಬುದು ಈ ಪತ್ರಿಕೆಯ ವಾಚಕರಿಗೆ ತಿಳಿದೇ ಇದೆ.

ಜೊತೆಗಾರನಿಲ್ಲದೆ ಒಬ್ಬನೇ ಹೋದರೆ? ಆಗಲೂ ಅವನ ಸಾವು ಅವನೊಬ್ಬನದಾಗುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಬುಸ್ಮನ್ಸ್‌ಗಾಟ್ ಎಂಬ ಅತ್ಯಂತ ಆಳವಾದ ಜಲಗುಹೆಯಿದೆ. 1994ರ ಡಿಸೆಂಬರಿನಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ಅಲ್ಲಿ ಮುಳುಗಿ ಮರಳಲಿಲ್ಲ. ದೇಹ ಸಿಗಲಿಲ್ಲ. ಹತ್ತು ವರ್ಷಗಳ ನಂತರ, 2004ರಲ್ಲಿ, ಡೇವ್ ಶಾ ಎಂಬ ವಿಮಾನಚಾಲಕರು ಸುಮಾರು 270 ಮೀಟರ್ ಆಳದಲ್ಲಿ ಆ ದೇಹವನ್ನು ಕಂಡರು. ತಂದೆತಾಯಿಗಳಿಗೆ ಅದನ್ನು ಒಪ್ಪಿಸಬೇಕೆಂಬ ಕರುಣೆಯಿಂದ 2005ರ ಜನವರಿ 8ರಂದು ಮತ್ತೆ ಇಳಿದರು, ಅಲ್ಲಿಯೇ ಪ್ರಾಣಬಿಟ್ಟರು. ಅವರಿಗೆ ನೆರವಾಗಲು ಇಳಿದಿದ್ದ ಗೆಳೆಯ ಡಾನ್ ಶರ್ಲಿ ಅವರು ಸಾವಿನ ಅಂಚಿನಿಂದ ಹಿಂತಿರುಗಿದರು. ದೇಹದ ಸಮತೋಲವನ್ನು ಕಾಯುವ ಒಳಕಿವಿಗೆ ಶಾಶ್ವತವಾದ ಹಾನಿಯಾಯಿತು. ಆ ತರುಣನು ತಪ್ಪು ಮಾಡಿದನೆಂದು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಮನುಷ್ಯನು ಸತ್ತ ಮೇಲೂ ಅವನನ್ನು ಹುಡುಕಿಕೊಂಡು ಹೋಗುವವರು ಇರುತ್ತಾರೆ, ಕರುಣೆಯು ಹತ್ತು ವರ್ಷ ಕಳೆದರೂ ಸುಮ್ಮನಿರದು ಎಂದು ತೋರಿಸಲು ಬರೆದಿದ್ದೇನೆ. ‘ನಾನು ಸತ್ತರೆ ನನಗೇ ನಷ್ಟ’ ಎನ್ನುವವನು ತನ್ನನ್ನು ಪ್ರೀತಿಸುವವರು ಕೈಕಟ್ಟಿ ಕೂರುತ್ತಾರೆಂದು ಭಾವಿಸಿದ್ದಾನೆ. ಅವರು ಕೂರುವುದಿಲ್ಲ. ಹಾಗಾದ ಮೇಲೆ ಅವನು ಪಣಕ್ಕಿಟ್ಟದ್ದು ತನ್ನ ಜೀವವನ್ನು ಮಾತ್ರವಲ್ಲ.

ನಿಯಮ ಮಾಡಿದವರೇ ಮೀರಿದರೆ?

ಮೂರನೆಯ ಎಳೆಯನ್ನು ಆ ತರುಣನು ನೇರವಾಗಿ ಕೇಳಲಿಲ್ಲ, ಆದರೆ ಕೇಳಬಹುದಾಗಿತ್ತು. ನಿಯಮಗಳನ್ನು ಕಟ್ಟಿಕೊಟ್ಟ ಶೆಕ್ ಎಕ್ಸ್‌ಲಿ ಅವರು 1994ರ ಏಪ್ರಿಲ್ 6ರಂದು, 45ನೆಯ ವಯಸ್ಸಿನಲ್ಲಿ, ಮೆಕ್ಸಿಕೋದ ಸಕಾಟೋನ್ ಎಂಬ ಅಗಾಧವಾದ ಜಲಕೂಪದ ತಳವನ್ನು ಮುಟ್ಟಲು ಹೋಗಿ 260 ಮೀಟರಿಗೂ ಹೆಚ್ಚಿನ ಆಳದಲ್ಲಿ ತೀರಿಕೊಂಡರು. ಬೇರೊಂದು ಹಗ್ಗದಲ್ಲಿ ಇಳಿದ ಅವರ ಸಂಗಾತಿಯು ಬದುಕಿ ಮೇಲೆ ಬಂದರು. ಅತಿಯಾದ ಆಳ ಬೇಡವೆಂದು ಬರೆದವರೇ ಅಷ್ಟು ಆಳಕ್ಕೆ ಇಳಿದರಲ್ಲ! ಹಾಗಾದರೆ ಅವರ ನಿಯಮಕ್ಕೆ ಏನು ಬೆಲೆ?

ಈ ಪ್ರಶ್ನೆಗೆ ನಾನು ಸುಲಭವಾದ ಉತ್ತರವನ್ನು ಕೊಡಲಾರೆ. ಎಲ್ಲರೂ ಕಂಡ ದಾರಿಯಲ್ಲಿಯೇ ನಡೆದಿದ್ದರೆ ಗುಹೆಗಳಲ್ಲಿ ಮೊದಲ ಹುರಿಯನ್ನು ಕಟ್ಟುವವರೇ ಇರುತ್ತಿರಲಿಲ್ಲ. ಇಂದು ನೆಲದಡಿಯ ನೀರಿನ ಬಗ್ಗೆ ತಿಳಿದಿರುವ ಎಷ್ಟೋ ಸಂಗತಿಗಳು ತಿಳಿಯುತ್ತಿರಲಿಲ್ಲ. ಮೂರು ದಶಕಗಳ ಸಾಧನೆಯ ನಂತರ, ತಿಳಿದು, ಸಿದ್ಧತೆ ಮಾಡಿಕೊಂಡು ಎಲ್ಲೆಯಾಚೆಗೆ ಕಾಲಿಟ್ಟವರನ್ನು ಮನೆಯಲ್ಲಿ ಕುಳಿತು ತೂಗುವುದು ನನಗೆ ಸಲ್ಲದು. ಆದರೆ ಎರಡು ಮಾತು ಸ್ಪಷ್ಟ. ಅವರು ಮೀರಿದ್ದು ಹೊಸಬರ ಮಿತಿಯನ್ನಲ್ಲ. ಆ ಮಿತಿಯನ್ನು ದಾಟಿ ಬಂದು ಬಹುಕಾಲವಾಗಿತ್ತು. ಎರಡನೆಯದಾಗಿ, ಅವರ ಸಾವು ಅವರ ನಿಯಮವನ್ನು ಸುಳ್ಳುಮಾಡಲಿಲ್ಲ; ಆ ಸಾವೂ ಆಳದ ವಿಷಯದಲ್ಲಿ ಅವರು ನೀಡಿದ ಎಚ್ಚರಿಕೆಯ ಪಕ್ಷದಲ್ಲಿಯೇ ನಿಂತಿದೆ. ಸತ್ಯವು ಅದನ್ನು ಹೇಳಿದವನ ನಡತೆಯಿಂದ ಹುಟ್ಟುವುದಿಲ್ಲ, ಅವನ ನಡತೆಯಿಂದ ಸಾಯುವುದೂ ಇಲ್ಲ. ತಂದೆಯೇ ಪಾಲಿಸದ ಮಾತನ್ನು ಮಗನು ತಿರಸ್ಕರಿಸುವುದು ಸಹಜವಿರಬಹುದು, ಯುಕ್ತವಲ್ಲ.

ದಿಗ್ವ್ರತದ ನೆನಪು

ಇಷ್ಟನ್ನು ಯೋಚಿಸುತ್ತಿದ್ದಾಗ ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವು ನೆನಪಿಗೆ ಬಂತು. ಇಂತಿಂಥ ದಿಕ್ಕಿನಲ್ಲಿ ಇಷ್ಟು ದೂರದಾಚೆಗೆ ಹೋಗೆನೆಂದು ಗೃಹಸ್ಥನು ತಾನೇ ಗೊತ್ತುಮಾಡಿಕೊಳ್ಳುವ ವ್ರತವದು. ಅದರ ಉದ್ದೇಶ ಪ್ರಾಣರಕ್ಷಣೆಯಲ್ಲ. ಲೋಭವನ್ನೂ ಅದರಿಂದಾಗುವ ಹಿಂಸೆಯನ್ನೂ ಕುಗ್ಗಿಸುವುದು. ಜಲಗುಹೆಯ ನಿಯಮಗಳನ್ನು ಆಚಾರ್ಯರು ಮೊದಲೇ ಹೇಳಿದ್ದರೆಂದು ಹೊಗಳಿಕೊಳ್ಳುವುದು ಅಜ್ಞಾನವಾದೀತು. ಆದರೆ ಮಿತಿಯನ್ನು ಒಪ್ಪಿಕೊಂಡ ಮನಸ್ಸು ಯಾವ ಯಾವ ಬಾಗಿಲಿನಿಂದ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಆ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮೇಲಿನ ಮಿತಿಯನ್ನು ಮೀರುವುದು, ಕೆಳಗಿನ ಮಿತಿಯನ್ನು ಮೀರುವುದು, ಅಡ್ಡದಿಕ್ಕಿನ ಮಿತಿಯನ್ನು ಮೀರುವುದು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಗೊತ್ತುಮಾಡಿದ ಮಿತಿಯನ್ನು ಮರೆಯುವುದು.

ಗುಹೆಯ ಅನುಭವಿಗಳು ಹೇಳುವ ತಪ್ಪುಗಳು ಇವಕ್ಕಿಂತ ಬೇರೆಯಲ್ಲ. ಆಳವನ್ನು ಮೀರುವುದು, ದೂರವನ್ನು ಮೀರುವುದು ಕಣ್ಣಿಗೆ ಕಾಣುವ ತಪ್ಪುಗಳು. ಕ್ಷೇತ್ರವೃದ್ಧಿಯು ಸೂಕ್ಷ್ಮವಾದುದು. ‘ಇಂದು ಆಳ ಕಡಿಮೆಯಿದೆ, ಆದ್ದರಿಂದ ದೂರ ಸ್ವಲ್ಪ ಹೆಚ್ಚಾದರೇನು?’ ಎಂದು ಒಂದು ಕಡೆಯ ಉಳಿತಾಯವನ್ನು ಇನ್ನೊಂದು ಕಡೆಗೆ ಜಮೆ ಮಾಡಿಕೊಳ್ಳುವುದು. ಅದರಲ್ಲಿ ಮೇಲ್ನೋಟಕ್ಕೆ ನಿಯಮಭಂಗವಿಲ್ಲ, ಜಾಣತನವಿದೆ. ಮರೆವು ಇನ್ನೂ ಸೂಕ್ಷ್ಮ. ಮುಂದಿನ ಕೋಣೆಯ ಸೊಬಗಿನಲ್ಲಿ ಮೈಮರೆತು ಒತ್ತಡದ ಮುಳ್ಳನ್ನು ನೋಡದೆ ಹೋಗುವುದು. ಮೀರಬೇಕೆಂಬ ಸಂಕಲ್ಪವೇ ಇಲ್ಲದೆ ಮೀರಿಬಿಡುವುದು. ಇದಕ್ಕೇ ಪ್ರಮಾದವೆಂಬ ಹೆಸರು.

ಇವೆಲ್ಲಕ್ಕಿಂತ ಕೆಟ್ಟ ಉಪಾಧ್ಯಾಯನೊಬ್ಬನಿದ್ದಾನೆ. ಅವನೇ ಶಿಕ್ಷೆಯಾಗದ ತಪ್ಪು. ಒಮ್ಮೆ ಆರನೆಯ ಭಾಗವನ್ನು ಮೀರಿ ಹೋದವನು ಸುಖವಾಗಿ ಹಿಂತಿರುಗಿದರೆ, ‘ನಿಯಮ ಅತಿಯಾಗಿತ್ತು’ ಎಂದು ತೀರ್ಮಾನಿಸುತ್ತಾನೆ. ನಿಜವಾಗಿ ಅವನು ಕಲಿತದ್ದೇನು? ಅಂದು ಜೊತೆಗಾರನ ಗಾಳಿ ನಿಲ್ಲಲಿಲ್ಲ, ಹೂಳು ಏಳಲಿಲ್ಲ ಎಂಬುದನ್ನು ಮಾತ್ರ. ಮೀಸಲು ಬೇಕಾಗದ ದಿನವನ್ನು ಕಂಡು ಮೀಸಲೇ ವ್ಯರ್ಥವೆಂದು ಹೇಳುವುದು, ಮಳೆ ಬಾರದ ದಿನ ಮನೆಯ ಸೂರು ವ್ಯರ್ಥವೆಂದಂತೆ. ಎರಡನೆಯ ಬಾರಿ ಇನ್ನೂ ಸ್ವಲ್ಪ ಮುಂದೆ ಹೋಗುತ್ತಾನೆ. ವ್ಯಾಪಾರದಲ್ಲಿ, ಆಹಾರದಲ್ಲಿ, ಮಾತಿನಲ್ಲಿ ನಾವು ನಮ್ಮ ನೇಮಗಳನ್ನು ಕಳೆದುಕೊಂಡಿರುವುದು ಹೀಗೆಯೇ ಅಲ್ಲವೇ? ಯಾರೂ ಒಂದೇ ದಿನದಲ್ಲಿ ವ್ರತಭ್ರಷ್ಟರಾದವರಿಲ್ಲ.

ಹೊರಗಿನ ತಡೆ, ಒಳಗಿನ ತಡೆ

ಫ್ಲಾರಿಡಾದ ಕೆಲವು ಬುಗ್ಗೆಗಳಲ್ಲಿ ವಿಚಿತ್ರವೆನಿಸುವ ಒಂದು ನಿಯಮವಿದೆ. ಗುಹೆಯ ಶಿಕ್ಷಣವಿಲ್ಲದವನು ನೀರಿಗಿಳಿಯಬಹುದು, ಆದರೆ ಕೈಯಲ್ಲಿ ದೀಪ ಹಿಡಿಯುವಂತಿಲ್ಲ. ಸುರಕ್ಷತೆಗೆ ದೀಪ ಬೇಕಲ್ಲವೇ ಎಂದು ನನಗೂ ತೋರಿತು. ಯೋಚಿಸಿದಾಗ ಅರ್ಥವಾಯಿತು: ದೀಪವಿದ್ದವನಿಗೆ ಕತ್ತಲೆಯೊಳಗೆ ಏನಿದೆಯೆಂದು ನೋಡುವ ಆಸೆ ಹುಟ್ಟುತ್ತದೆ, ದೀಪವಿಲ್ಲದವನು ಬೆಳಕು ಮುಗಿಯುವಲ್ಲಿ ತಾನಾಗಿಯೇ ನಿಲ್ಲುತ್ತಾನೆ. ಗಿನ್ನಿ ಸ್ಪ್ರಿಂಗ್ಸ್ ಎಂಬಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಗುಹೆಯ ಒಳಬಾಯಿಗೆ ಕಬ್ಬಿಣದ ಜಾಲರಿಯನ್ನೇ ಹಾಕಿದ್ದಾರೆ.

ಇವು ಬೇಕು. ಆದರೆ ಜಾಲರಿಯ ಮುಂದೆ ನಿಂತವನಲ್ಲಿ ಸಂಯಮವಿದೆಯೆಂದು ಹೇಳಲಾಗದು, ಅಲ್ಲಿರುವುದು ಕಬ್ಬಿಣ. ಜಾಲರಿಯಿಲ್ಲದ ಗುಹೆಯಲ್ಲಿ, ನೋಡುವವರಿಲ್ಲದ ಕತ್ತಲೆಯಲ್ಲಿ, ದೀಪವೂ ಗಾಳಿಯೂ ಉತ್ಸಾಹವೂ ಇರುವಾಗಲೇ ಮುಳ್ಳು 175 ತೋರಿಸಿತೆಂದು ತಿರುಗಿ ಬರುವವನಲ್ಲಿ ಸಂಯಮವಿದೆ. ಹೊರಗಿನವರು ಹಾಕಿದ ಕಟ್ಟು ಬಂಧನ. ಅದರ ಕಾರಣವನ್ನು ಅರಿತು ತಾನೇ ಒಪ್ಪಿಕೊಂಡ ಅದೇ ಕಟ್ಟು ವ್ರತ. ಗುರುವಿನ ಕೆಲಸವು ಮೊದಲನೆಯದನ್ನು ಎರಡನೆಯದನ್ನಾಗಿ ಮಾಡುವುದು. ಹಾಗಾಗದವರೆಗೆ ಶಿಷ್ಯನನ್ನು ಮುಂದಿನ ಹಂತಕ್ಕೆ ಬಿಡದಿರುವುದು ಕಾಠಿಣ್ಯವಲ್ಲ. ಶುಲ್ಕ ತೆಗೆದುಕೊಂಡು, ಮುಖ ನೋಡಿ, ಪ್ರಮಾಣಪತ್ರ ಕೊಟ್ಟುಬಿಡುವ ಗುರುವೇ ಕ್ರೂರಿ. ಪಾಠಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುವ ನಮ್ಮ ಟ್ರಸ್ಟುಗಳವರು ಈ ಮಾತನ್ನು ಗಮನಿಸುವುದೊಳಿತು. ‘ಇನ್ನೂ ಆಗಿಲ್ಲ’ ಎಂದು ಹೇಳಬಲ್ಲ ಅಧ್ಯಾಪಕನನ್ನು ನಾವು ಗೌರವಿಸುತ್ತೇವೆಯೇ, ದೂರು ಕೊಟ್ಟು ಕಳುಹಿಸುತ್ತೇವೆಯೇ?

ಈ ವಿದ್ಯೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮುಟ್ಟಿದ ನಿಯಮವೊಂದಿದೆ. ಗುಂಪಿನಲ್ಲಿ ಯಾರೇ ಆಗಲಿ, ಯಾವ ಕ್ಷಣದಲ್ಲಾಗಲಿ, ಯಾವ ಕಾರಣಕ್ಕಾಗಲಿ ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ ಆ ಮುಳುಗು ಅಲ್ಲಿಗೆ ಮುಗಿಯಿತು. ಎಲ್ಲರೂ ಹಿಂತಿರುಗಬೇಕು. ಕಾರಣ ಕೇಳುವಂತಿಲ್ಲ, ಹೊರಗೆ ಬಂದ ಮೇಲೆ ಹಂಗಿಸುವಂತಿಲ್ಲ. ನಿನ್ನೆ ಮೊನ್ನೆ ಕಲಿತವನು ಬೆರಳೆತ್ತಿದರೂ ಮೂವತ್ತು ವರ್ಷದ ಅನುಭವಿಯು ತಲೆಬಾಗಬೇಕು. ಹಿಂತಿರುಗುವ ಹೊತ್ತನ್ನು ಲೆಕ್ಕ ಹಾಕುವಾಗಲೂ ಅತಿ ಕಡಿಮೆ ಗಾಳಿಯಿರುವವನನ್ನೇ ಆಧಾರವಾಗಿ ಹಿಡಿಯುತ್ತಾರೆ. ಬಲಿಷ್ಠನ ಶಕ್ತಿಗೆ ತಕ್ಕಂತೆ ದುರ್ಬಲನು ಓಡಬೇಕೆಂಬುದು ಲೋಕದ ರೂಢಿ. ದುರ್ಬಲನ ಮಿತಿಯೇ ಎಲ್ಲರ ಮಿತಿಯೆಂಬುದು ಇಲ್ಲಿನ ರೀತಿ. ಹೊಸಬನಿಗೆ ಮಿತಿಗಳನ್ನು ಹಾಕಿದವರೇ ಅವನಿಗೆ ಈ ಅಧಿಕಾರವನ್ನೂ ಕೊಟ್ಟಿದ್ದಾರೆ. ಮುಂದೆ ಹೋಗುವ ಸ್ವಾತಂತ್ರ್ಯವನ್ನು ಅಳೆದು ಕೊಟ್ಟರು. ಹಿಂದೆ ಬರುವ ಸ್ವಾತಂತ್ರ್ಯವನ್ನು ಅಳೆಯದೆ ಕೊಟ್ಟರು.

ನಮ್ಮ ಮನೆಗಳಲ್ಲಿ ಕಿರಿಯನೊಬ್ಬನು ‘ನನಗೆ ಸಾಕು’ ಎಂದಾಗ ಕಾರಣ ಕೇಳದೆ ನಿಲ್ಲಿಸುವ ಹಿರಿಯರು ಎಷ್ಟು ಮಂದಿ? ಮದುವೆಯ ಖರ್ಚಿನಲ್ಲಿ, ಪಂಚಕಲ್ಯಾಣದ ವೈಭವದಲ್ಲಿ, ಕೈಲಾಗದವನು ಸಾಕೆಂದು ಹೇಳುವ ಧೈರ್ಯ ಬರುವಂತೆ ನಾವು ನಡೆದುಕೊಂಡಿದ್ದೇವೆಯೇ?

ಮಿತ್ರರ ಮಗನಿಗೆ ನಾನು ಈ ಲೆಕ್ಕವನ್ನೆಲ್ಲ ಒಂದು ಪತ್ರದಲ್ಲಿ ಬರೆದೆ. ಉಪದೇಶವನ್ನು ಆದಷ್ಟು ಕಡಿಮೆ ಮಾಡಿ, 70, 35, 105 ಎಂಬ ಅಂಕೆಗಳನ್ನು ಮುಂದಿಟ್ಟು, ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: “ನಿನ್ನ ಬೆನ್ನಿನ ಮೇಲಿರುವ ಗಾಳಿಯಲ್ಲಿ ನಿನ್ನದು ಎಷ್ಟು?” ಬಹುಕಾಲ ಉತ್ತರ ಬರಲಿಲ್ಲ. ಕೆಲವು ತಿಂಗಳ ಮೇಲೆ ಮಿತ್ರರೇ ಸಿಕ್ಕಿ ಹೇಳಿದರು. ಮಗನು ಹಳೆಯ ಮಿತಿಯಲ್ಲಿಯೇ ಅಭ್ಯಾಸವನ್ನು ಮುಂದುವರಿಸಿದ್ದಾನಂತೆ. ಒಂದು ಭಾನುವಾರ, ಒಳಗೆ ಹೋಗಿ ಹತ್ತು ನಿಮಿಷವಾಗಿರಬಹುದು, ಗಾಳಿಯೂ ದೀಪವೂ ಹುರಿಯೂ ಸರಿಯಾಗಿದ್ದರೂ ಏಕೋ ಮನಸ್ಸು ಒಪ್ಪಲಿಲ್ಲವಂತೆ. ಹೆಬ್ಬೆರಳೆತ್ತಿ ತೋರಿಸಿದನಂತೆ. ಮುಂದಿದ್ದ ಗುರು ಮರುಮಾತಿಲ್ಲದೆ ತಿರುಗಿದರು. ಹೊರಗೆ ಬಂದು ಸಾಮಾನುಗಳನ್ನು ಕಳಚಿ ಬುತ್ತಿ ಬಿಚ್ಚಿದರು. ಯಾರೂ ಏಕೆಂದು ಕೇಳಲಿಲ್ಲ.

“ಏನೂ ಆಗದ ಒಂದು ದಿನದ ಕಥೆಯನ್ನು ಅವನು ಅರ್ಧ ಗಂಟೆ ಹೇಳಿದ” ಎಂದರು ಮಿತ್ರರು. ಹೇಳುವಾಗ ಅವರ ಕಣ್ಣು ತೇವವಾಗಿತ್ತು.